ಥಲಸ್ಸೇಮಿಯಾ: ಯಾವ ಚಿಕಿತ್ಸೆಗಾಗಿ ಕಾಯುತ್ತಿದ್ದೇವೆ?

ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತರೋಗಕ್ಕೆ ಜೀನ್ ಚಿಕಿತ್ಸೆ ಬಂದಿದೆ ಎಂಬ ಸುದ್ದಿ ದೇವಲಾಪುರದಂತಹ ಊರುಗಳ ಮನೆಗಳನ್ನೂ ತಲುಪಿದೆ. ಅದರ ಬೆನ್ನಿಗೇ ಎರಡು ವಾದಗಳು ಹುಟ್ಟಿವೆ. ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸುವುದು ನಿಷಿದ್ಧ ಎಂಬುದು ಒಂದು. ಆ ಚಿಕಿತ್ಸೆ ಅಗ್ಗವಾಗುವವರೆಗೆ ರಕ್ತ ಕೊಡಿಸುತ್ತಾ ಕಾಯೋಣ, ಅದುವೇ ತವಕ್ಕುಲ್ ಎಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪಲಾರೆವು.

ಮೊದಲನೆಯದಕ್ಕೆ ಉತ್ತರ ಹಳೆಯದು. 1998ರಲ್ಲಿ ಮಕ್ಕಾದಲ್ಲಿ ಸೇರಿದ್ದ ಇಸ್ಲಾಮೀ ಫಿಕ್ಹ್ ಮಂಡಳಿಯು, ಹೆಚ್ಚಿನ ಹಾನಿಗೆ ಎಡೆಯಾಗದಿದ್ದರೆ ರೋಗವನ್ನು ತಡೆಯಲು ಮತ್ತು ಗುಣಪಡಿಸಲು ವಂಶವಾಹಿ ತಂತ್ರವನ್ನು ಬಳಸುವುದು ಸಮ್ಮತವೆಂದು ತೀರ್ಮಾನಿಸಿದೆ. ಉಲಮಾಗಳು ಆಡಿ ಮುಗಿಸಿದ ಮಾತನ್ನು ನಾವಿನ್ನೂ ಜಗಲಿಯಲ್ಲಿ ಎಳೆದಾಡುತ್ತಿದ್ದೇವೆ.

ಎರಡನೆಯ ವಾದ ಹೆಚ್ಚು ಅಪಾಯಕಾರಿ. ಅನೇಕರು ಕೇಳಿರುವ 16 ಕೋಟಿ ರೂಪಾಯಿಯ ಚುಚ್ಚುಮದ್ದು ಸ್ನಾಯುಗಳು ಕ್ಷಯಿಸುವ ಬೇರೊಂದು ಕಾಯಿಲೆಗೆ ಸೇರಿದ್ದು. ಥಲಸ್ಸೇಮಿಯಾದಲ್ಲಿ ರೋಗಿಯದೇ ರಕ್ತದ ಆಕರಕೋಶಗಳನ್ನು ಹೊರತೆಗೆದು ತಿದ್ದಿ ಮರಳಿಸಬೇಕು. 2022ರಲ್ಲಿ ಅಮೆರಿಕ ಅನುಮೋದಿಸಿದ ಝಿಂಟೆಗ್ಲೋ, ನಿರುಪದ್ರವಗೊಳಿಸಿದ ವೈರಾಣುವಿನ ಮೂಲಕ ಸರಿಯಾದ ಜೀನನ್ನು ಸೇರಿಸುತ್ತದೆ. 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲು ಅನುಮೋದಿಸಿದ ಕ್ಯಾಸ್ಗೆವಿ ಹೊಸದೇನನ್ನೂ ಸೇರಿಸದು. ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ನನ್ನು ಜನನಾನಂತರ ಅಡಗಿಸುವ ಜೀನ್‌ನ ಕೀಲಿಯನ್ನು ಕತ್ತರಿಸಿ, ಆ ಹಿಮೋಗ್ಲೋಬಿನ್ ಮತ್ತೆ ಹುಟ್ಟುವಂತೆ ಮಾಡುತ್ತದೆ. ಎರಡಕ್ಕೂ ಮುನ್ನ ತೀವ್ರ ಕೀಮೋಥೆರಪಿಯಿಂದ ಮಜ್ಜೆಯನ್ನು ಬರಿದುಮಾಡಬೇಕು. ಅದು ಸಂತಾನಶಕ್ತಿಗೆ ಕುತ್ತಾಗಬಹುದು. ಅಮೆರಿಕದಲ್ಲಿ ಮೊದಲನೆಯದರ ಬೆಲೆ 28 ಲಕ್ಷ ಡಾಲರ್, ಎರಡನೆಯದರದು 22 ಲಕ್ಷ. ಕ್ಯಾಸ್ಗೆವಿಗೆ ಅಲ್ಲಿ ಅನುಮೋದನೆ ದೊರೆತಾಗ ಅದು 12 ವರ್ಷ ತುಂಬಿದವರಿಗೆ ಮಾತ್ರವಿತ್ತು.

ಅಲ್ಲಿಯವರೆಗೆ ಮಗುವಿನ ಗತಿಯೇನು? ಎರಡು ಮೂರು ವಾರಗಳಿಗೊಮ್ಮೆ ಏರಿಸುವ ರಕ್ತದೊಡನೆ ಕಬ್ಬಿಣವೂ ಒಳಸೇರಿ ಯಕೃತ್ತು, ಹೃದಯಗಳಲ್ಲಿ ಶೇಖರವಾಗುತ್ತದೆ. ಅದನ್ನು ಹೊರಹಾಕುವ ಔಷಧವನ್ನು ತಪ್ಪಿಸಿದ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಇತ್ತ, ಮನೆಯಲ್ಲೇ ಇರುವ ಅಣ್ಣ ಅಥವಾ ತಂಗಿಯ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಕಸಿ ಬೆಂಗಳೂರಿನಲ್ಲೇ ನಡೆಯುತ್ತಿದೆ. ಸಂಕಲ್ಪ್ ಇಂಡಿಯಾ ಫೌಂಡೇಶನ್ ಅದರಲ್ಲಿ ತೊಡಗಿದೆ. ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆ 2017ರಿಂದ 10 ಲಕ್ಷ ರೂ. ವರೆಗೆ ನೆರವು ನೀಡುತ್ತಿದೆ. ಯಕೃತ್ತು ಕೆಡುವ ಮುನ್ನ, ಎಳೆಯ ವಯಸ್ಸಿನಲ್ಲೇ ಕಸಿ ಮಾಡಿದರೆ ಫಲ ಉತ್ತಮ. ದಾನಿಯ ಮಜ್ಜೆ ಕೆಲವು ವಾರಗಳಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಹೀಗಿರುವಾಗ ಒಡಹುಟ್ಟಿದವರ ಎಚ್‌ಎಲ್‌ಎ ಪರೀಕ್ಷೆಯನ್ನೂ ಮಾಡಿಸದೆ ವಿದೇಶದ ಔಷಧಕ್ಕಾಗಿ ಕಾಯುವುದನ್ನು ತವಕ್ಕುಲ್ ಎಂದು ಕರೆಯುವ ಧೈರ್ಯ ನಮಗಿಲ್ಲ. ಹೊಂದುವ ದಾನಿಯೇ ಇಲ್ಲದ ಮಕ್ಕಳ ಪಾಲಿಗೆ ಜೀನ್ ಚಿಕಿತ್ಸೆ ನಿಜಕ್ಕೂ ಆಶಾಕಿರಣ. ಅವರಿಗಾಗಿ ಅದು ಅಗ್ಗವಾಗಲೆಂದು ದುಆ ಮಾಡೋಣ.

ಇನ್ನೊಂದು ವಿಷಯವನ್ನು ಹಿರಿಯರು ಗಮನಿಸಬೇಕು. ಈ ಚಿಕಿತ್ಸೆಗಳೆಲ್ಲ ರಕ್ತವನ್ನಷ್ಟೇ ಸರಿಪಡಿಸುತ್ತವೆ. ದೋಷವುಳ್ಳ ಜೀನು ಮುಂದಿನ ಪೀಳಿಗೆಗೆ ಹಾಗೆಯೇ ಸಾಗುತ್ತದೆ. ಚಿಕ್ಕಪ್ಪ, ಸೋದರತ್ತೆಯ ಮಕ್ಕಳನ್ನು ವರಿಸಲು ಶರೀಅತ್ತಿನ ಅನುಮತಿಯಿದೆ, ನಿಜ. ಆದರೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ತಿಳಿಯಲು ಒಂದು ರಕ್ತಪರೀಕ್ಷೆ ಸಾಕು. ಸೌದಿ ಅರೇಬಿಯಾ 2004ರಿಂದಲೇ ವಿವಾಹಪೂರ್ವದಲ್ಲಿ ಅದನ್ನು ಕಡ್ಡಾಯಗೊಳಿಸಿದೆ. ಫಲಿತಾಂಶ ತಿಳಿದ ಮೇಲೆ ಮದುವೆಯಾಗುವುದೋ ಬಿಡುವುದೋ ವಧೂವರರಿಗೆ ಬಿಟ್ಟದ್ದು. ನಮ್ಮ ಜಮಾಅತ್‌ಗಳ ನಿಕಾಹ್ ಪುಸ್ತಕದಲ್ಲಿ ವಯಸ್ಸಿಗೆ, ಮಹರ್‌ಗೆ, ಸಾಕ್ಷಿಗಳ ರುಜುವಿಗೆ ಜಾಗವಿದೆ. ಈ ಪರೀಕ್ಷೆಗಾಗಿ ಇನ್ನೊಂದು ಗೆರೆ ಎಳೆಯಲು ಮುತವಲ್ಲಿಗಳಿಗೆ ಯಾರ ಅಪ್ಪಣೆ ಬೇಕಾಗಿದೆ?