ಎರಡನೇ ಅವಧಿಯ ಪಟ್ಟಿಯಲ್ಲಿ ನಮ್ಮ ಮಕ್ಕಳ ಹೆಸರಿದೆಯೇ?

ದಸರಾ ರಜೆ ಮುಗಿದು ಶಾಲೆಗಳ ಎರಡನೇ ಅವಧಿ ಆರಂಭವಾಯಿತೆಂದರೆ ಕರಾವಳಿಯಲ್ಲಿ ಶಾಲಾ ಚಟುವಟಿಕೆಗಳ ಕಾಲವೂ ಆರಂಭವಾಯಿತೆಂದೇ ಅರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮೈದಾನಗಳಲ್ಲಿ ನೀರು ನಿಂತಿರುತ್ತದೆ. ಮಳೆಯ ಕಾರಣಕ್ಕಾಗಿ ಜಿಲ್ಲಾಡಳಿತ ಘೋಷಿಸುವ ರಜೆಗಳನ್ನು ಶನಿವಾರದ ಅಪರಾಹ್ನಗಳಲ್ಲಿ ಸರಿದೂಗಿಸುವ ಚಿಂತೆಯಲ್ಲೇ ಶಿಕ್ಷಕರ ಮೊದಲ ಅವಧಿಯ ಬಹುಭಾಗ ಕಳೆದುಹೋಗುತ್ತದೆ. ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಶಿಕ್ಷಣ ವಲಯಗಳ ಪ್ರೌಢಶಾಲೆಗಳಲ್ಲಿ ಉಳಿದೆಲ್ಲವೂ ವರ್ಷದ ಉತ್ತರಾರ್ಧದಲ್ಲಿ ಒತ್ತೊತ್ತಾಗಿ ಬರುತ್ತವೆ. ನವೆಂಬರ್ 1ರಂದು ರಾಜ್ಯೋತ್ಸವ, 11ರಂದು ಮೌಲಾನಾ ಆಝಾದರ ಜನ್ಮದಿನ (2008ರಿಂದ ಅದು ರಾಷ್ಟ್ರೀಯ ಶಿಕ್ಷಣ ದಿನವೂ ಹೌದು), 14ರಂದು ಮಕ್ಕಳ ದಿನ, 26ರಂದು ಸಂವಿಧಾನ ದಿನ, ಅದರ ಬೆನ್ನಿಗೇ ಶಾಲಾ ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ಮೇಲಿನ ಹಂತಗಳು, ಶೈಕ್ಷಣಿಕ ಪ್ರವಾಸ, ವಾರ್ಷಿಕೋತ್ಸವ. ಎಂಟನೇ ತರಗತಿಯ ಮಕ್ಕಳಿಗಂತೂ ಇವುಗಳ ನಡುವೆಯೇ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆಯ ಸಿದ್ಧತೆಯೂ ಇದೆ.

ಈ ಕಾರ್ಯಕ್ರಮಗಳ ಯಾದಿ ಶಾಲೆಯ ಸೂಚನಾ ಫಲಕದಲ್ಲಿರುತ್ತದೆ. ಅದರ ಪಕ್ಕದಲ್ಲಿ ಭಾಗವಹಿಸುವವರ ಹೆಸರುಗಳ ಪಟ್ಟಿಯೂ ಇರುತ್ತದೆ. ನಮ್ಮ ಹೆತ್ತವರಲ್ಲಿ ಎಷ್ಟು ಮಂದಿ ಆ ಪಟ್ಟಿಯನ್ನು ಓದಿದ್ದಾರೆ? ಅಂಕಪಟ್ಟಿಗೆ ಸಹಿ ಹಾಕುವಾಗ ಗಣಿತದಲ್ಲಿ ಎಷ್ಟು, ಇಂಗ್ಲಿಷ್‌ನಲ್ಲಿ ಎಷ್ಟು ಎಂದು ಕೇಳುವ ತಂದೆ, ನೀನು ಯಾವುದಕ್ಕೆ ಹೆಸರು ಕೊಟ್ಟಿದ್ದೀ ಎಂದು ಮಗಳಲ್ಲಿ ಕೇಳುವುದುಂಟೇ?

ಎಂಟನೇ ತರಗತಿಯನ್ನೇ ಎತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಊರುಗಳ ಅನೇಕ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಮನೆಯ ಪಕ್ಕದ ಶಾಲೆಯಲ್ಲಿ, ನೆರೆಮನೆಯ ಮಕ್ಕಳ ಜೊತೆಯಲ್ಲೇ ಕಲಿತ ಮಗು ಪ್ರೌಢಶಾಲೆಗಾಗಿ ಬಸ್ಸು ಹತ್ತುವುದು ಇಲ್ಲಿಂದ. ವಿಟ್ಲದ ಒಳಹಳ್ಳಿಯ ಹುಡುಗ, ಕಕ್ಕಿಂಜೆಯ ಹುಡುಗಿ, ತೋಡಾರಿನ ಮಗು ಇಲ್ಲಿಯೇ ಮೊದಲ ಬಾರಿಗೆ ತನ್ನ ಕೇರಿಯ ಹೊರಗಿನ ಮಕ್ಕಳೊಂದಿಗೆ ಒಂದೇ ಬೆಂಚಿನಲ್ಲಿ ಕೂರುತ್ತದೆ. ಹತ್ತನೇ ತರಗತಿಯ ಒತ್ತಡ ಇನ್ನೂ ಆರಂಭವಾಗಿರುವುದಿಲ್ಲ. ಎಸೆಸೆಲ್ಸಿ ಫಲಿತಾಂಶದಲ್ಲಿ ನಮ್ಮದು ಸದಾ ಮುಂಚೂಣಿಯ ಜಿಲ್ಲೆ. 2025ರಲ್ಲಿ ಶೇ. 91.12ರೊಂದಿಗೆ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆಯಿತು. ಆ ಕೀರ್ತಿಯ ಇನ್ನೊಂದು ಮುಖವೆಂದರೆ ಒಂಬತ್ತರ ನಡುವಿನಿಂದಲೇ ಮಕ್ಕಳಿಗೆ ವಿಶೇಷ ತರಗತಿ, ಸರಣಿ ಪರೀಕ್ಷೆಗಳ ಹೊರತು ಬೇರೇನೂ ಉಳಿಯುವುದಿಲ್ಲ. ಮಗು ತನ್ನ ಧ್ವನಿಯನ್ನು, ಕೈಕಾಲುಗಳನ್ನು, ಸಂಕೋಚವನ್ನು ಪರೀಕ್ಷಿಸಿಕೊಳ್ಳಲು ಇರುವ ಬಿಡುವಿನ ವರ್ಷ ಎಂಟನೆಯದು ಮಾತ್ರ.

ಹಾಗಿದ್ದೂ ಪಟ್ಟಿಯಲ್ಲಿ ನಮ್ಮ ಮಕ್ಕಳ ಹೆಸರು ತರಗತಿಯಲ್ಲಿರುವ ಅವರ ಸಂಖ್ಯೆಗೆ ಹೋಲಿಸಿದರೆ ಕಡಿಮೆ ಎಂದು ಶಿಕ್ಷಕರು ಹೇಳುವಾಗ ಅದನ್ನು ಪೂರ್ವಗ್ರಹವೆಂದು ತಳ್ಳಿಹಾಕುವಂತಿಲ್ಲ. ಕಬಡ್ಡಿ, ವಾಲಿಬಾಲ್‌ಗಳಲ್ಲಿ ನಮ್ಮ ಹುಡುಗರಿದ್ದಾರೆ, ಚೆನ್ನಾಗಿಯೇ ಇದ್ದಾರೆ. ಕೊರತೆ ಇರುವುದು ವೇದಿಕೆಯಲ್ಲಿ. ಸೋಜಿಗವೆಂದರೆ, ಇದೇ ಮಕ್ಕಳು ಮದ್ರಸಾದ ಮೀಲಾದ್ ಕಾರ್ಯಕ್ರಮದಲ್ಲಿ ಹೇಗಿರುತ್ತಾರೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಹನ್ನೆರಡು, ಹದಿಮೂರರ ಹುಡುಗ ಕಾಗದವಿಲ್ಲದೆ ಹತ್ತು ನಿಮಿಷ ಭಾಷಣ ಮಾಡುತ್ತಾನೆ. ಗುಂಪಾಗಿ ಹಾಡುವವರು ತಾಳ ತಪ್ಪುವುದಿಲ್ಲ. ದಫ್ ಬಾರಿಸುವವರ ಹೆಜ್ಜೆ ಒಂದಿಂಚೂ ಆಚೀಚೆ ಆಗುವುದಿಲ್ಲ. ಊರಿಗೆ ಊರೇ ಕುಳಿತು ನೋಡುತ್ತಿದ್ದರೂ ಮೈಕಿನ ಮುಂದೆ ಅಳುಕದ ಆ ಹುಡುಗ, ಶಾಲೆಯ ಸಭಾಂಗಣದಲ್ಲಿ ನೂರು ಮಂದಿಯೆದುರು ತನ್ನ ಹೆಸರು ಹೇಳಲು ಏಕೆ ಹಿಂದೆ ಸರಿಯುತ್ತಾನೆ? ಅವನಲ್ಲಿ ಪ್ರತಿಭೆಯ ಕೊರತೆ ಇಲ್ಲ. ಆ ವೇದಿಕೆ ನನ್ನದಲ್ಲ ಎಂಬ ಭಾವನೆ ಇದೆ. ಅದನ್ನು ಅವನಲ್ಲಿ ಮೂಡಿಸಿದವರಲ್ಲಿ ಮನೆಯವರೂ ಇದ್ದಾರೆ, ಶಾಲೆಯವರೂ ಇದ್ದಾರೆ.

ಮನೆಯ ಪಾಲಿನ ಬಗ್ಗೆ ಮೊದಲು ಮಾತಾಡುವುದು ನ್ಯಾಯ. ಹೆತ್ತವರ ಆಕ್ಷೇಪಗಳಲ್ಲಿ ಕೆಲವು ಧರ್ಮಕ್ಕೆ ಸಂಬಂಧಿಸಿದವು, ಕೆಲವು ಖರ್ಚಿಗೆ, ಇನ್ನು ಕೆಲವು ಬಸ್ಸಿಗೆ. ಇವೆಲ್ಲವನ್ನೂ ಒಟ್ಟು ಸೇರಿಸಿ 'ಅದೆಲ್ಲ ನಮಗೆ ಆಗದು' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದೇ ತೊಂದರೆ. ಪ್ರತಿಭಾ ಕಾರಂಜಿ ಎಂದರೆ ಭರತನಾಟ್ಯ ಮತ್ತು ಛದ್ಮವೇಷ ಎಂದಷ್ಟೇ ತಿಳಿದವರು ನಮ್ಮಲ್ಲಿ ಬಹಳ. ಆದರೆ ಅದೇ ಸ್ಪರ್ಧಾಪಟ್ಟಿಯಲ್ಲಿ ಕನ್ನಡ, ಇಂಗ್ಲಿಷ್, ಉರ್ದು ಮುಂತಾದ ಭಾಷೆಗಳ ಭಾಷಣವಿದೆ, ಅರೇಬಿಕ್ ಧಾರ್ಮಿಕ ಪಠಣವಿದೆ, ಚರ್ಚೆ, ಆಶುಭಾಷಣ, ಚಿತ್ರಕಲೆ, ರಸಪ್ರಶ್ನೆಗಳಿವೆ. ಗಝಲ್ ಮತ್ತು ಕವ್ವಾಲಿಯೂ ಇದೆ. ಬೆಳಗ್ಗೆ ಮದ್ರಸಾದಲ್ಲಿ ತಜ್‌ವೀದ್ ಕಲಿತು ಬರುವ ಮಗುವಿಗೆ ಅರೇಬಿಕ್ ಪಠಣ ಸ್ಪರ್ಧೆಗೆ ಬೇರೆ ತರಬೇತುದಾರನ ಅಗತ್ಯವಿಲ್ಲ. ಆದರೂ ಎಷ್ಟೋ ಶಾಲೆಗಳಲ್ಲಿ ಹೆಸರು ಕೊಡುವವರೇ ಇರುವುದಿಲ್ಲ. ಹೀಗೊಂದು ಸ್ಪರ್ಧೆ ಇದೆಯೆಂದು ಮನೆಗೂ ತಿಳಿದಿರುವುದಿಲ್ಲ, ಉಸ್ತಾದರಿಗೂ ತಿಳಿದಿರುವುದಿಲ್ಲ.

ಹೆಣ್ಣು ಮಕ್ಕಳ ವಿಷಯದಲ್ಲಿ ಎದುರಾಗುವ ಅಡ್ಡಿ ಹೆಚ್ಚಾಗಿ ಸಾರಿಗೆಯದು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿತು, ನಿಜ. ಆದರೆ ನಮ್ಮ ಜಿಲ್ಲೆಯ ಒಳರಸ್ತೆಗಳಲ್ಲಿ ಓಡುವುದು ಬಹುಮಟ್ಟಿಗೆ ಖಾಸಗಿ ಬಸ್ಸುಗಳು. ಐದು ಗಂಟೆಯವರೆಗೆ ಅಭ್ಯಾಸವಿದ್ದರೆ ಕೊನೆಯ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪುತ್ತದೆಂದು ಅಭ್ಯಾಸ ಬಿಡಿಸುವುದು ಸುಲಭ. ಅದೇ ದಾರಿಯ ನಾಲ್ಕು ಮನೆಯವರು ಸೇರಿ ಒಂದು ರಿಕ್ಷಾ ಗೊತ್ತುಮಾಡುವುದು ತುಸು ಕಷ್ಟ, ಆದರೆ ಅಸಾಧ್ಯವೇನಲ್ಲ. ಆ ನಾಲ್ಕು ಮನೆಗಳಲ್ಲಿ ಎರಡು ಹಿಂದೂ ಮನೆಗಳಾಗಿದ್ದರೆ ಇನ್ನೂ ಒಳ್ಳೆಯದು.

ಧರ್ಮದ ಆಕ್ಷೇಪದ ಬಗ್ಗೆ ಸ್ಪಷ್ಟವಾಗಿರಬೇಕು. ವಾರ್ಷಿಕೋತ್ಸವದ ಯಾವುದೋ ನೃತ್ಯರೂಪಕದಲ್ಲಿ ತನ್ನ ಮಗಳು ಪಾತ್ರ ವಹಿಸುವುದು ತಂದೆಗೆ ಒಪ್ಪಿಗೆಯಿಲ್ಲದಿದ್ದರೆ ಅದನ್ನು ಹೇಳುವ ಹಕ್ಕು ಅವರಿಗಿದೆ, ಗೌರವದಿಂದ ಕೇಳಿಸಿಕೊಳ್ಳುವ ಹೊಣೆ ಶಾಲೆಗಿದೆ. ಆದರೆ ಹೇಳುವ ರೀತಿ ಯಾವುದು? ಕಾರ್ಯಕ್ರಮದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಹೇಳುವ ರೀತಿಯಲ್ಲ. ತಿಂಗಳಿಗೆ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು, 'ಇದು ಬೇಡ, ಬದಲಿಗೆ ಅವಳಿಗೆ ಕಾರ್ಯಕ್ರಮ ನಿರೂಪಣೆ ಕೊಡಿ, ವಿಜ್ಞಾನ ಮಾದರಿ ಕೊಡಿ' ಎಂದು ಕೇಳಿದರೆ ಒಪ್ಪದ ಶಿಕ್ಷಕರು ವಿರಳ. ಶಾಲೆಯವರೂ ಒಂದನ್ನು ತಿಳಿಯಬೇಕು. 2022ರ ಫೆಬ್ರವರಿಯಲ್ಲಿ ಶಾಲಾ ಗೇಟುಗಳ ಮುಂದೆ ನಡೆದುದನ್ನು ನಮ್ಮ ಹೆಣ್ಣು ಮಕ್ಕಳು ಮರೆತಿಲ್ಲ. ಆ ವರ್ಷದ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ನೀಡಿತು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಆಗ ಒಂದು, ಎರಡನೇ ತರಗತಿಯಲ್ಲಿದ್ದ ಮಗುವೂ ತನ್ನ ಅಕ್ಕನ ಕಣ್ಣೀರನ್ನು ಕಂಡಿರಬಹುದು. ಅಂಥ ಮಗು ತಾನಾಗಿಯೇ ಮುಂದೆ ಬಂದು ಹೆಸರು ಕೊಡಲಿಲ್ಲವೆಂದು ಶಿಕ್ಷಕರು ಸುಮ್ಮನಾಗಬಾರದು. ಹೆಸರು ಹಿಡಿದು ಕರೆಯಬೇಕು.

ಇದು ಕೇವಲ ಬಹುಮಾನ, ಪ್ರಮಾಣಪತ್ರಗಳ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಬಂಟ್ವಾಳ ತಾಲೂಕಿನ ಖಾಸಗಿ ಶಾಲೆಯೊಂದರ ಕ್ರೀಡೋತ್ಸವದಲ್ಲಿ ಬಾಬರಿ ಮಸೀದಿ ಧ್ವಂಸದ ದೃಶ್ಯವನ್ನು ಮಕ್ಕಳಿಂದ ಆಡಿಸಲಾಯಿತು, ಪೊಲೀಸರು ಪ್ರಕರಣವನ್ನೂ ದಾಖಲಿಸಿದರು. ಆ ದೃಶ್ಯದಲ್ಲಿ ಕುಣಿದ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವರ ಕಬಡ್ಡಿ ತಂಡದಲ್ಲಿ ಒಬ್ಬ ಮುಸ್ಲಿಮ್ ಗೆಳೆಯನಿದ್ದಿದ್ದರೆ, ಅವನ ಮುಂದೆ ಅದನ್ನು ಆಡಲು ಅವರಿಗೆ ಮನಸ್ಸು ಬರುತ್ತಿತ್ತೇ ಎಂಬುದಷ್ಟೇ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಬಜ್ಪೆಯಲ್ಲಿ ಮತ್ತು ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಹತ್ಯೆಗಳು ನಡೆದದ್ದು ಬೇಸಿಗೆ ರಜೆಯ ದಿನಗಳಲ್ಲಿ. ಶಾಲೆಗಳ ಬಾಗಿಲು ತೆರೆದಾಗ ಮಕ್ಕಳು ಆ ಸುದ್ದಿಯನ್ನೂ ಚೀಲದಲ್ಲಿ ಹೊತ್ತುಕೊಂಡೇ ಒಳಗೆ ಬಂದರು. ದೊಡ್ಡವರ ಶಾಂತಿಸಭೆಗಳು ಪೊಲೀಸ್ ಠಾಣೆಯಲ್ಲಿ ನಡೆಯುತ್ತವೆ, ಅಧಿಕಾರಿಗಳ ಭಾಷಣದೊಂದಿಗೆ ಮುಗಿಯುತ್ತವೆ. ಮಕ್ಕಳ ಶಾಂತಿಸಭೆ ನಡೆಯುವುದು ರಿಲೇ ಓಟದ ಕೋಲನ್ನು ಕೈಯಿಂದ ಕೈಗೆ ದಾಟಿಸುವಾಗ, ಪ್ರವಾಸದ ಬಸ್ಸಿನಲ್ಲಿ ಬುತ್ತಿ ಹಂಚಿಕೊಳ್ಳುವಾಗ. 2022ರ ಡಿಸೆಂಬರ್ ಕೊನೆಯ ವಾರಗಳಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆದ ಸ್ಕೌಟ್ಸ್ ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ದೇಶದ ಮೂಲೆಮೂಲೆಗಳಿಂದ ಸಾವಿರಾರು ಮಕ್ಕಳು ಬಂದಿದ್ದರು. ಮಿಝೋರಾಮಿನ ಮಗು ಬಂದು ನಮ್ಮ ಅಂಗಳದಲ್ಲಿ ಗುಡಾರ ಹಾಕಬಹುದಾದರೆ ಪುತ್ತಿಗೆಯ, ಕೋಟೆಬಾಗಿಲಿನ ಮಗು ಸ್ಕೌಟ್ ಸಮವಸ್ತ್ರ ಧರಿಸುವುದಕ್ಕೆ ಇರುವ ಅಡ್ಡಿಯೇನು?

ಮಕ್ಕಳ ಹಾಡು, ಕಥೆ, ಆಟಗಳೂ ಶಿಕ್ಷಣದ ಭಾಗವೆಂದು ಕನ್ನಡ ನಾಡಿಗೆ ತೋರಿಸಿಕೊಟ್ಟವರು ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು, ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದವರು. ಅವರ ಊರಿನಲ್ಲಿ ಈ ಮಾತನ್ನು ಮತ್ತೆ ಹೇಳಬೇಕಾಗಿ ಬಂದಿದೆ.

ಇನ್ನು ನಾವು ಈಗಲೇ ಯೋಚಿಸಬೇಕಾದ ಒಂದು ವಿಷಯವಿದೆ. ರಮಝಾನ್ ವರ್ಷಕ್ಕೆ ಹತ್ತು, ಹನ್ನೊಂದು ದಿನಗಳಷ್ಟು ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್ ಆರಂಭದಲ್ಲಿತ್ತು. 2026ರದ್ದು ಫೆಬ್ರವರಿ ಮೂರನೇ ವಾರದಿಂದ, 2028ರದ್ದು ಜನವರಿ ಕೊನೆಯಿಂದ, 2030ರದ್ದು ಜನವರಿ ಮೊದಲ ವಾರದಿಂದ. ಅಂದರೆ ಇಷ್ಟು ವರ್ಷ ವಾರ್ಷಿಕ ಪರೀಕ್ಷೆಯ ತಲೆಬಿಸಿಯಾಗಿದ್ದ ಉಪವಾಸ ಇನ್ನು ಕೆಲವು ವರ್ಷ ಕ್ರೀಡಾಕೂಟ, ವಾರ್ಷಿಕೋತ್ಸವಗಳ ಕಾಲಕ್ಕೆ ಬರುತ್ತದೆ. ಅದಕ್ಕೆ ಮೊದಲು ಬರುವ ಶಾಬಾನ್ ತಿಂಗಳಲ್ಲಿ ಮದ್ರಸಾಗಳ ವಾರ್ಷಿಕ ಪರೀಕ್ಷೆಗಳು. ಐದು, ಏಳು, ಹತ್ತನೇ ತರಗತಿಗಳಿಗೆ ಸಮಸ್ತದ ಪಬ್ಲಿಕ್ ಪರೀಕ್ಷೆಯೂ ಇದೆ. ಎಂಟನೇ ತರಗತಿಯ ಮಗು ಬೆಳಗ್ಗೆ ಮದ್ರಸಾಕ್ಕೂ ಹಗಲು ಶಾಲೆಗೂ ಓಡುತ್ತಾ ಎರಡು ಕಡೆಯ ದಿನಾಂಕಗಳ ನಡುವೆ ಸಿಲುಕಿದರೆ ಕೈಬಿಡುವುದು ಯಾವುದನ್ನು? ಚಟುವಟಿಕೆಯನ್ನೇ. ಎರಡೂ ಕಡೆಯವರು ತಮ್ಮ ತಮ್ಮ ಕ್ಯಾಲೆಂಡರನ್ನು ಮಾತ್ರ ನೋಡುತ್ತಾರೆ. ಮಸೀದಿಯ ಆಡಳಿತ ಸಮಿತಿಯಿಂದ ಇಬ್ಬರು, ಶಾಲಾಭಿವೃದ್ಧಿ ಸಮಿತಿಯಿಂದ ಇಬ್ಬರು ಜೂನ್ ತಿಂಗಳಲ್ಲೇ ಒಂದು ಸಂಜೆ ಒಟ್ಟಿಗೆ ಕುಳಿತರೆ ಸಾಕು. 2001ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಹೆತ್ತವರೇ ಇರುವ ಎಸ್.ಡಿ.ಎಂ.ಸಿ. ಇದೆ. ಅದರ ಸದಸ್ಯತ್ವ ಪಡೆದು ಸಭೆಗೆ ಹೋಗದವರು ಆಮೇಲೆ ದೂರುವುದಕ್ಕೆ ಅರ್ಥವಿಲ್ಲ.

ಕೊನೆಯದಾಗಿ ಹಣದ ವಿಷಯ. ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟರವರೆಗೆ ಶಿಕ್ಷಣ ಉಚಿತವಾಗಿದೆಯಲ್ಲ ಎಂಬುದು ಕೊಟ್ಟ ಕಾರಣ. ಸಮವಸ್ತ್ರ, ಬಸ್ಸು, ಪುಸ್ತಕಗಳಿಗೆ ಖರ್ಚು ಮಾಡುವ ತಂದೆಗೆ ಈ ವಾದ ಹೇಗೆ ಕೇಳಿಸುತ್ತದೆಂದು ಬೇರೆ ಹೇಳಬೇಕಿಲ್ಲ. ಅದರ ವಿರುದ್ಧ ದನಿ ಎತ್ತುವುದು ಬೇಕು. ಜೊತೆಗೆ ಇರುವುದನ್ನು ಕಳೆದುಕೊಳ್ಳದಿರುವುದೂ ಬೇಕು. 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ಯೋಜನೆ ದೇಶದಾದ್ಯಂತ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಮೀಸಲು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಮಗುವಿನ ಖಾತೆಗೆ ನೇರವಾಗಿ ಬರುತ್ತದೆ. ಏಳನೇ ತರಗತಿಯಲ್ಲಿ ಶೇ. 55 ಅಂಕ, ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಗಳ ಒಳಗೆ, ಇಷ್ಟು ಅರ್ಹತೆ. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳಿರುತ್ತವೆ. ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ವಿಜ್ಞಾನ, ಗಣಿತ, ಸಮಾಜದ್ದು. ಆದರೆ ಇದು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಸಾಲ ಮಾಡಿ ಎಂಟನೇ ತರಗತಿಗೆ ಅನುದಾನರಹಿತ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸುವ ಹೆತ್ತವರು ತಾವು ಇದನ್ನೂ ಬಿಟ್ಟುಕೊಡುತ್ತಿದ್ದೇವೆಂದು ತಿಳಿದು ಸೇರಿಸಲಿ.

ಅರ್ಜಿ ಸಲ್ಲಿಸಬೇಕಾದುದು ಶಾಲೆಯ ಮೂಲಕ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಕೆಲವು ದಿನಗಳು ಹಿಡಿಯುತ್ತವೆ. ಮಗುವಿನ ಬ್ಯಾಂಕ್ ಖಾತೆಯಲ್ಲಿಯೂ ಆಧಾರ್‌ನಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ಆಗಿರಬೇಕು. ನಮ್ಮ ಮಕ್ಕಳ ಹೆಸರುಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುವುದು ಹೊಸ ಸಂಗತಿಯೇನಲ್ಲ. ಕೊನೆಯ ದಿನ ಬಂದ ಮೇಲೆ ಅದನ್ನು ತಿದ್ದಿಸಲು ಸಾಧ್ಯವಾಗದು. ಆದ್ದರಿಂದ ಈ ಶುಕ್ರವಾರ ಜುಮಾ ನಮಾಝಿನ ಬಳಿಕ ಸೂಚನೆಗಳನ್ನು ಓದುವಾಗ, ಎಂಟನೇ ತರಗತಿಯಲ್ಲಿ ಮಕ್ಕಳಿರುವ ಹೆತ್ತವರು ಸೋಮವಾರ ಶಾಲೆಗೆ ಹೋಗಿ ದಾಖಲೆಗಳನ್ನು ಪರಿಶೀಲಿಸಬೇಕು, ಸೂಚನಾ ಫಲಕದಲ್ಲಿರುವ ಆ ಪಟ್ಟಿಯನ್ನೂ ನೋಡಿ ಬರಬೇಕು ಎಂಬ ಸೂಚನೆಯೂ ಒಂದಿರಲಿ.