ಸಂಶೋಧಕರ ತಂತ್ರಾಂಶ ಮತ್ತು ನಮ್ಮ ಸೂಕ್ಷ್ಮ ಬೋಧನೆ

ಎರಡು ವರ್ಷಗಳ ಹಿಂದೆ ನನ್ನ ಮೇಲ್ವಿಚಾರಣೆಯಲ್ಲಿದ್ದ ಪ್ರಶಿಕ್ಷಣಾರ್ಥಿಯೊಬ್ಬರು ಏಳನೆಯ ತರಗತಿಯ ಮಕ್ಕಳ ಭಿನ್ನರಾಶಿ ಕಲಿಕೆಯ ಮೇಲೆ ಕ್ರಿಯಾ ಸಂಶೋಧನೆ ಕೈಗೊಂಡಿದ್ದರು. ಪೂರ್ವಪರೀಕ್ಷೆಯ ಅಂಕಗಳನ್ನು ಎಕ್ಸೆಲ್ ಹಾಳೆಗೆ ಏರಿಸಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರು. ಜೋಡಣೆಯಾದದ್ದು ಹೆಸರಿನ ಕಾಲಂ ಮಾತ್ರ. ಅಂಕಗಳು ಇದ್ದಲ್ಲೇ ಉಳಿದವು. ಆ ಪಟ್ಟಿ ನೋಡಿ ಪರಿಹಾರ ಬೋಧನೆಗೆ ಮಕ್ಕಳನ್ನು ಆರಿಸಿದರು, ನಾನು ಸಹಿ ಹಾಕಿದೆ. ಭಿನ್ನರಾಶಿ ಚೆನ್ನಾಗಿ ಬಲ್ಲ ಹುಡುಗಿಯೊಬ್ಬಳು ಎರಡು ವಾರ ಆಟದ ಅವಧಿ ಬಿಟ್ಟು ಒಳಗೆ ಕುಳಿತಳು. ನಿಜಕ್ಕೂ ಪಾಠ ಬೇಕಿದ್ದ ಹುಡುಗ ಹೊರಗೆ ಆಡುತ್ತಿದ್ದ. “ಸಾರ್, ನನಗೆ ಇದೆಲ್ಲ ಬರುತ್ತಲ್ಲ, ನಾನ್ಯಾಕೆ ಇಲ್ಲಿ?” ಎಂದು ಅವಳೇ ಕೇಳಿದ ಮೇಲೆ ನಾವು ಉತ್ತರಪತ್ರಿಕೆಗಳನ್ನು ಮತ್ತೆ ಬಿಚ್ಚಿದೆವು.

ಆ ಪ್ರಶಿಕ್ಷಣಾರ್ಥಿ ಅಸಡ್ಡೆಯವರಲ್ಲ. ಅವರ ಪಾಠಯೋಜನೆಗಳು ತಂಡದಲ್ಲೇ ಅಚ್ಚುಕಟ್ಟಾದವು. ಎಚ್ಚರಿಕೆಯ ಕಿಟಕಿಯೊಂದು ತೆರೆದುಕೊಂಡಿತ್ತಂತೆ, ಓದದೆ ಮುಂದಕ್ಕೆ ಒತ್ತಿದರಂತೆ. (ನಾವೂ ಹಾಗೇ ಒತ್ತುವವರು.) ಮೂಲ ದತ್ತಾಂಶದ ಒಂದು ಪ್ರತಿಯನ್ನು ಮುಟ್ಟದೆ ಇಡಬೇಕು, ಪ್ರತಿ ಮಗುವಿಗೂ ಒಂದು ಕ್ರಮಸಂಖ್ಯೆ ಇರಬೇಕು, ಎರಡು ಹೆಸರುಗಳ ಮಟ್ಟಿಗಾದರೂ ಹಾಳೆಯನ್ನು ಉತ್ತರಪತ್ರಿಕೆಯೊಂದಿಗೆ ತಾಳೆ ನೋಡಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವನು ನಾನೇ ಆಗಿದ್ದೆ.

ಇದು ಬಿ.ಎಡ್. ವಿದ್ಯಾರ್ಥಿಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂಬುದು ಅದರ ಸಾರ. ಅಂಥ ದೇಶಗಳ ಸರಾಸರಿ ಬೆಳವಣಿಗೆ ಶೇ. -0.1 ಎಂದು ಅವರು ತೋರಿಸಿದ್ದರು. ಸರ್ಕಾರಿ ವೆಚ್ಚ ಕಡಿತವನ್ನು ಸಮರ್ಥಿಸಿದ ರಾಜಕಾರಣಿಗಳು ಇದನ್ನು ಧಾರಾಳವಾಗಿ ಬಳಸಿಕೊಂಡರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆ್ಯಮ್‌ಹರ್ಸ್ಟ್ ಆವರಣದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್‌ಗೆ ತರಗತಿಯಲ್ಲಿ ಒಂದು ನಿಯೋಜಿತ ಕಾರ್ಯ ಕೊಟ್ಟಿದ್ದರು: ಪ್ರಕಟಿತ ಪ್ರಬಂಧವೊಂದರ ಲೆಕ್ಕವನ್ನು ನೀವೇ ಮತ್ತೆ ಮಾಡಿ ಅದೇ ಉತ್ತರ ತನ್ನಿ. ಹರ್ನ್‌ಡನ್‌ಗೆ ಉತ್ತರ ಬರಲಿಲ್ಲ. ಲೇಖಕರನ್ನೇ ಕೇಳಿ ಹಾಳೆ ತರಿಸಿಕೊಂಡು ನೋಡಿದರೆ, 20 ದೇಶಗಳ ಸಾಲುಗಳಲ್ಲಿ 15ರ ಸರಾಸರಿಯನ್ನಷ್ಟೇ ಸೂತ್ರ ತೆಗೆಯುತ್ತಿತ್ತು. ಇಬ್ಬರು ಪ್ರಾಧ್ಯಾಪಕರೊಂದಿಗೆ 2013ರಲ್ಲಿ ಅವರು ಮಂಡಿಸಿದ ಮರುಲೆಕ್ಕದಲ್ಲಿ ಆ ಸರಾಸರಿ ಶೇ. 2.2 ಆಯಿತು. ಅಂತರ ಪೂರ್ತಿ ಆ ಸೂತ್ರದಿಂದ ಬಂದದ್ದಲ್ಲ ಎನ್ನುವುದನ್ನೂ ಹೇಳಬೇಕು. ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶಕ್ಕೆ ಎಷ್ಟು ತೂಕ ಎಂಬ ಆಯ್ಕೆಗಳ ಪಾಲು ಹೆಚ್ಚು. ಆದರೆ ಆ ಆಯ್ಕೆಗಳು ಬೆಳಕಿಗೆ ಬಂದದ್ದೂ ಹಾಳೆ ಇನ್ನೊಬ್ಬರ ಕೈಗೆ ಹೋದ ಮೇಲೆಯೇ.

ನನಗೆ ಮುಖ್ಯವೆನಿಸುವುದು ಆ ನಿಯೋಜಿತ ಕಾರ್ಯ. ಸಂಶೋಧಕರ ತಂತ್ರಾಂಶ ಸುಸ್ಥಿರವಾಗಿರಬೇಕು ಎಂದು ಬಲ್ಲವರು ಹೇಳುವಾಗ ಅದರ ಅರ್ಥ ಸರಳ. ಬರೆದವರು ಊರು ಬಿಟ್ಟು ಹೋದ ಮೇಲೂ, ಕಂಪ್ಯೂಟರ್ ಬದಲಾದ ಮೇಲೂ ಇನ್ನೊಬ್ಬರು ಅದನ್ನು ನಡೆಸಬೇಕು, ಅರ್ಥಮಾಡಿಕೊಳ್ಳಬೇಕು, ತಿದ್ದಬೇಕು. ಬದಲಿ ಶಿಕ್ಷಕರು ಬಂದು ತರಗತಿ ನಡೆಸಬಲ್ಲ ಪಾಠಯೋಜನೆಯನ್ನು ನಾವು ಒಳ್ಳೆಯದೆನ್ನುತ್ತೇವಲ್ಲ, ಅದೇ ಅಳತೆ. ‘ಫೈನಲ್’, ‘ಫೈನಲ್ 2’, ‘ಫೈನಲ್ ಕರೆಕ್ಟೆಡ್’ ಎಂದು ಮೂರು ಫೈಲುಗಳಿದ್ದರೆ ಬದಲಿ ಶಿಕ್ಷಕರ ಗತಿ ಏನು?

ಇದನ್ನು ಕಲಿಸಲು ಹೊರಟವರ ಕಥೆ ನಮ್ಮ ಕ್ಷೇತ್ರದವರಿಗೆ ಸ್ವಾರಸ್ಯವಾಗಿದೆ. 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ವಿಜ್ಞಾನಿಗಳಿಗಾಗಿ ‘ಸಾಫ್ಟ್‌ವೇರ್ ಕಾರ್ಪೆಂಟ್ರಿ’ ಆರಂಭಿಸಿದರು. ಹೆಸರೇ ಹೇಳುವಂತೆ ಬಡಗಿ ಕೆಲಸ: ಮೇಜು ಅಲುಗದಂತೆ ಮಾಡುವಷ್ಟು ಕೌಶಲ ಸಾಕು, ಸೇತುವೆ ಕಟ್ಟಬೇಕಿಲ್ಲ. ಮೊದಲು ವಾರಗಟ್ಟಲೆ ಪಾಠ. ಹಲವು ವರ್ಷ ತಿದ್ದಿ ತೀಡಿದ ಮೇಲೆ ಎರಡು ದಿನದ ಕಾರ್ಯಾಗಾರದ ರೂಪಕ್ಕೆ ಬಂದಿತು. ವಿಷಯ ಬಲ್ಲ ಸ್ವಯಂಸೇವಕರೇ ಬೋಧಕರು. ವಿಷಯ ಬಲ್ಲವರೆಲ್ಲ ಬೋಧಿಸಬಲ್ಲವರಲ್ಲ ಎಂಬುದು ಅವರಿಗೂ ಗೊತ್ತಾಯಿತು. ಬೋಧಕರಿಗೇ ತರಬೇತಿ ಶುರು ಮಾಡಿದರು.

ಆ ತರಬೇತಿಯಲ್ಲಿ ಏನಿದೆ ನೋಡಿ. ಅಭ್ಯರ್ಥಿ ಕೆಲವೇ ನಿಮಿಷ ಪಾಠ ಮಾಡುತ್ತಾರೆ. ಸಹಪಾಠಿಗಳು ನಾಲ್ಕು ಮನೆಗಳ ಚೌಕದಲ್ಲಿ ಹಿಮ್ಮಾಹಿತಿ ಬರೆಯುತ್ತಾರೆ: ವಿಷಯದಲ್ಲಿ ಚೆನ್ನಾಗಿದ್ದದ್ದು, ತಿದ್ದಬೇಕಾದದ್ದು, ಮಂಡನೆಯಲ್ಲಿ ಚೆನ್ನಾಗಿದ್ದದ್ದು, ತಿದ್ದಬೇಕಾದದ್ದು. ಇದು 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆ್ಯಲನ್ ಮತ್ತು ಸಂಗಡಿಗರು ರೂಪಿಸಿದ ಸೂಕ್ಷ್ಮ ಬೋಧನೆಯ ದಾಯಾದಿಯೇ ತಾನೆ? ನಾವು ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ ಎಂದು 36 ನಿಮಿಷಗಳ ಚಕ್ರವನ್ನು ದಾಖಲೆ ಪುಸ್ತಕ ತುಂಬಿಸಲು ತಿರುಗಿಸುತ್ತೇವೆ. ಹಿತ್ತಲ ಗಿಡ ಮದ್ದಲ್ಲ. ಕಾರ್ಯಾಗಾರದ ಒಳಗೂ ಅದೇ ಕಾಳಜಿ ಇದೆ. ಬೋಧಕರು ಸ್ಲೈಡು ತೋರಿಸದೆ ಎಲ್ಲರೆದುರು ಒಂದೊಂದೇ ಸಾಲು ಟೈಪಿಸುತ್ತಾರೆ, ತಪ್ಪು ಮಾಡುತ್ತಾರೆ, ತಪ್ಪಿನ ಸಂದೇಶವನ್ನು ಗಟ್ಟಿಯಾಗಿ ಓದಿ ಸರಿಪಡಿಸುತ್ತಾರೆ. ಕಲಿಯುವವರು ಎರಡು ಬಣ್ಣದ ಚೀಟಿ ಇಟ್ಟುಕೊಂಡಿರುತ್ತಾರೆ. ಒಂದು ‘ಮುಗಿಸಿದೆ’, ಇನ್ನೊಂದು ‘ಸಿಕ್ಕಿಕೊಂಡಿದ್ದೇನೆ’. ಕೈ ಎತ್ತಲು ನಾಚುವ ಮಗುವಿರುವ ಯಾವ ತರಗತಿಗೂ ಈ ಚೀಟಿ ಸಲ್ಲುತ್ತದೆ. ನಮ್ಮ ಐಸಿಟಿ ಪ್ರಯೋಗಾಲಯದಲ್ಲಿ ಇದು ಇರಬಾರದೆಂದು ಯಾರು ಹೇಳಿದರು?

ಹಾಗೆಂದು ಎರಡು ದಿನದ ಕಾರ್ಯಾಗಾರ ಎಲ್ಲವನ್ನೂ ಮಾಡುತ್ತದೆಂದು ನಾನು ನಂಬುವುದಿಲ್ಲ. ಜೀವವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗಳ ಮೇಲೆ ಡೇವಿಡ್ ಫೆಲ್ಡನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಅಲ್ಪಾವಧಿ ತರಬೇತಿಗಳಿಂದ ಸಂಶೋಧನಾ ಕೌಶಲದಲ್ಲಿ ಅಳೆಯಬಹುದಾದ ಪರಿಣಾಮವನ್ನು ಕಾಣಲಿಲ್ಲ. ಅದು ಸಾಫ್ಟ್‌ವೇರ್ ಕಾರ್ಪೆಂಟ್ರಿಯೊಂದರ ಮೌಲ್ಯಮಾಪನವಲ್ಲ, ಆದರೂ ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ಅಂತರ ಬಿಟ್ಟು ಬಿಟ್ಟು ಮಾಡಿದ ಅಭ್ಯಾಸವೇ ಉಳಿಯುತ್ತದೆಂದು ಕಲಿಕಾ ಮನೋವಿಜ್ಞಾನದ ಪತ್ರಿಕೆಯಲ್ಲಿ ಪ್ರತಿ ವರ್ಷ ಬರೆಸುವವರು ನಾವು. ನಾವೇ ಕಂಪ್ಯೂಟರನ್ನು ಸೆಮಿಸ್ಟರಿನ ಕೊನೆಯ ವಾರಕ್ಕೆ ತಳ್ಳುತ್ತೇವೆ.

ಆದ್ದರಿಂದ ನನ್ನ ಬೇಡಿಕೆ ಹೊಸ ಪತ್ರಿಕೆಯದ್ದಲ್ಲ, ಹೊಸ ಕಾರ್ಯಾಗಾರದ್ದೂ ಅಲ್ಲ. ಕ್ರಿಯಾ ಸಂಶೋಧನೆಯ ಆಂತರಿಕ ಅಂಕಗಳಲ್ಲಿ ಐದನ್ನು ಹರ್ನ್‌ಡನ್‌ಗೆ ಕೊಟ್ಟಂಥ ಕೆಲಸಕ್ಕೆ ಇಡೋಣ. ತನ್ನ ಫೈಲನ್ನೂ ಅರ್ಧ ಪುಟದ ವಿವರಣೆಯನ್ನೂ ಪ್ರಶಿಕ್ಷಣಾರ್ಥಿ ಸಹಪಾಠಿಗೆ ಕೊಡಬೇಕು. ಸಹಪಾಠಿ ಒಂದೂ ಪ್ರಶ್ನೆ ಕೇಳದೆ ವರದಿಯ ಮುಖ್ಯ ಕೋಷ್ಟಕವನ್ನು ಪಡೆಯಬೇಕು. ಎಂ.ಎಡ್. ಮತ್ತು ಪಿಎಚ್.ಡಿ.ಯವರು ಆರ್ ಅಥವಾ ಪೈಥಾನ್‌ನಲ್ಲಿ ಬರೆಯುತ್ತಿದ್ದರೆ ನಿಯಮ ಅದೇ, ಜೊತೆಗೆ ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್. ಮೇಲ್ವಿಚಾರಕರಿಗೇ ಇದು ಬಾರದು ಎಂಬ ಆಕ್ಷೇಪ ನಿಜ. ನನಗೂ ಗಿಟ್ ಅರ್ಧವೇ ಬರುತ್ತದೆ. ಪ್ರಶಿಕ್ಷಣಾರ್ಥಿಗಳೆದುರು ಟೈಪಿಸಿ ತಪ್ಪು ಮಾಡಲು ಅಷ್ಟು ಸಾಕಾಗಿದೆ.

ಈ ಸಾಲಿನಲ್ಲಿ ನನ್ನ ಗುಂಪಿನ ಎಂಟು ಮಂದಿಯಲ್ಲಿ ಇದನ್ನು ಮಾಡಿ ನೋಡಿದೆ. ಮೊದಲ ಸುತ್ತಿನಲ್ಲಿ ಮೂವರ ಫೈಲು ಮಾತ್ರ ಮಾತಿಲ್ಲದೆ ನಡೆಯಿತು. ಒಬ್ಬರ ಹಾಳೆಯಲ್ಲಿ ಗೈರುಹಾಜರಾದ ಮಕ್ಕಳಿಗೆ ಸೊನ್ನೆ ಅಂಕ ಸೇರಿಕೊಂಡಿದ್ದು ಸಹಪಾಠಿಯ ಕಣ್ಣಿಗೆ ಬಿತ್ತು. ಪರಿಹಾರ ಬೋಧನೆಯ ಪಟ್ಟಿಗೆ ನಾನು ಇನ್ನೂ ಸಹಿ ಹಾಕಿರಲಿಲ್ಲ.