ದನವನ್ನು ಹೊರಗಟ್ಟಿದರೆ ಲಂಟಾನ ಹೋದೀತೇ?

2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮರು ತಿಂಗಳೇ ರಾಜ್ಯದ ಕಾಡುಗಳಲ್ಲಿ ದನ, ಕುರಿ, ಆಡು ಮೇಯಿಸುವುದನ್ನು ತಡೆಯಲು ಕ್ರಮ ಕೈಗೊಳ್ಳುವಂತೆ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಕಾಡಂಚಿನ ರೈತರೂ ಗಿರಿಜನರೂ ಇದನ್ನು ವಿರೋಧಿಸಿದರು.

ಹುಲಿಗೆ ವಿಷವಿಟ್ಟದ್ದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಷೇಧದ ಪರವಾಗಿ ಮಾತನಾಡುವವರು ಇನ್ನೊಂದು ಮಾತನ್ನೂ ಹೇಳುತ್ತಾರೆ: ದನ ಕಾಡಿನ ಹುಲ್ಲನ್ನೂ ಮರಿಸಸಿಗಳನ್ನೂ ತಿಂದು ಕಾಡು ಹಾಳು ಮಾಡುತ್ತದೆ, ದನ ಹೊರಗೆ ಹೋದರೆ ಕಾಡು ತಾನಾಗಿ ಚಿಗುರುತ್ತದೆ ಎಂದು. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅರ್ಧ ನಿಜ ಎಂಬುದನ್ನು ದನ ಸಾಕುವ ನಾವೇ ತೂಗಿ ನೋಡಬೇಕು.

ದನದಿಂದ ಆಗುವ ಹಾನಿ

ಹಾನಿ ಇಲ್ಲವೆಂದು ವಾದಿಸುವುದು ಸರಿಯಲ್ಲ. ದನದ ಬಾಯಿ ಆರಿಸಿ ತಿನ್ನುವ ಬಾಯಿ. ಅದು ಗರಿಕೆ ತಿನ್ನುತ್ತದೆ, ಎಳೆಯ ಕರಡ ತಿನ್ನುತ್ತದೆ. ಲಂಟಾನದ ಪೊದೆಯನ್ನು ಮೂಸಿ ಬಿಡುತ್ತದೆ. ಕಾಂಗ್ರೆಸ್ ಕಳೆಯನ್ನೂ ಮಲೆನಾಡಿನ ಕಮ್ಯುನಿಸ್ಟ್ ಗಿಡವನ್ನೂ ಬಿಡುತ್ತದೆ. ಹೀಗೆ ಬೇಕಾದ್ದನ್ನು ದಿನವೂ ಕಚ್ಚಿ, ಬೇಡದ್ದನ್ನು ದಿನವೂ ಬಿಟ್ಟರೆ ಕೊನೆಗೆ ನೆಲದಲ್ಲಿ ಉಳಿಯುವುದು ಬೇಡದ್ದೇ. ಇದು ನಮ್ಮ ಗೋಮಾಳಗಳಲ್ಲಿ ಕಣ್ಣೆದುರೇ ನಡೆದಿರುವ ಸಂಗತಿ. ಕಾಡಿನಲ್ಲಿ ನಡೆಯುವುದೂ ಅದೇ.

ಇನ್ನು ಆಡು ನೆಲ್ಲಿ, ಹೊನ್ನೆ, ದಿಂಡಿಗದ ಮರಿಸಸಿಯ ತಲೆಯನ್ನೇ ಚಿವುಟುತ್ತದೆ. ನೂರಾರು ಗೊರಸುಗಳು ಒಂದೇ ದಾರಿಯಲ್ಲಿ ತುಳಿದರೆ ನೆಲ ಗಟ್ಟಿಯಾಗಿ, ಹುಲ್ಲು ಸತ್ತು, ಬಯಲಾದ ಜಾಗಕ್ಕೆ ಕಳೆ ಬಂದು ಕೂರುತ್ತದೆ. ಒಂದು ಗಿಡವನ್ನಂತೂ ದನ ಕುರಿಗಳೇ ಹೊತ್ತು ಹಂಚಿವೆ. ಅದು ಬಳ್ಳಾರಿ ಜಾಲಿ. ಅದರ ಸಿಹಿ ಕಾಯಿಯನ್ನು ರಾಸುಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಮೆತ್ತಗಾಗಿ ಸಗಣಿಯೊಡನೆ ಹೊರಬಿದ್ದು ಅಲ್ಲೇ ಮೊಳೆಯುತ್ತದೆ. ಕಾವಲು ಭೂಮಿಗಳಲ್ಲಿ ಹುಲ್ಲು ಮರೆಯಾಗಿ ಮುಳ್ಳು ನಿಂತದ್ದಕ್ಕೆ ಇದೂ ಒಂದು ಕಾರಣ.

ಹಾಲು, ಉಳುಮೆಗಾಗಿ ಅಲ್ಲದೆ ಕೇವಲ ಗೊಬ್ಬರಕ್ಕಾಗಿ ಕಾಡಿಗೆ ದನ ಬಿಟ್ಟ ಕಾಲವೂ ಇದೆ. 1990ರ ದಶಕದಲ್ಲಿ ಕಾಫಿಗೆ ಬೆಲೆ ಬಂದಾಗ ಗುಂಡ್ಲುಪೇಟೆ ಕಡೆಯ ಕಾಡಂಚಿನ ಹಳ್ಳಿಗಳ ಸಗಣಿ ಗೊಬ್ಬರ ಕೇರಳದ ತೋಟಗಳಿಗೆ ಹೋಯಿತು. ಬಂಡೀಪುರದ ಕಾಡಿನ ಸಾರ ಸಗಣಿಯ ರೂಪದಲ್ಲಿ ಬೇರೆಯವರ ತೋಟ ಸೇರಿತು. ಹಣ ಬಂತು, ನಿಜ. ಆದರೆ ಮೇವು ಮಾತ್ರ ಊರಿನವರೆಲ್ಲರದಾಗಿತ್ತು.

ದನವಿಲ್ಲದ ಕಡೆಯೂ ಲಂಟಾನ

ಹಾಗಾದರೆ ದನ ಹೊರಟರೆ ಸಾಕೇ? ಬಂಡೀಪುರವನ್ನೇ ನೋಡೋಣ. ಅಲ್ಲಿ 1973ರಿಂದ ಹುಲಿ ಯೋಜನೆ ಇದೆ. ಒಳಗಿನ ಕಾಡಿನಲ್ಲಿ ದನ ಮೇಯುವುದು ದಶಕಗಳ ಹಿಂದೆಯೇ ನಿಂತಿತು. ಆದರೂ ಲಂಟಾನ ನಿಲ್ಲಲಿಲ್ಲ. ಆನೆಯ ಬೆನ್ನು ಮುಚ್ಚುವಷ್ಟು ಎತ್ತರಕ್ಕೆ ಬೆಳೆದಿದೆ. ಬಿಳಿಗಿರಿರಂಗನಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಅಲ್ಲಿ ಕಾಡಿನ ಉದ್ದಗಲಕ್ಕೂ ಗುರುತು ಹಾಕಿದ ತಾಕುಗಳನ್ನು ಸಂಶೋಧಕರು ಪರೀಕ್ಷಿಸಿದಾಗ, 1997ರಲ್ಲಿ ನೂರಕ್ಕೆ 41 ತಾಕುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ 81 ತಾಕುಗಳಲ್ಲಿ ಕಂಡಿತು. ಹನ್ನೊಂದೇ ವರ್ಷದಲ್ಲಿ ಇಮ್ಮಡಿ!

ಕಾರಣ ಸರಳ. ಹತ್ತೊಂಬತ್ತನೇ ಶತಮಾನದ ಆದಿಯಲ್ಲಿ ಅಂದದ ಹೂಗಿಡವೆಂದು ಹೊರದೇಶದಿಂದ ತಂದ ಈ ಪೊದೆಯ ಹಣ್ಣನ್ನು ಪಿಕಳಾರ, ಗೊರವಂಕ ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಅದಕ್ಕೆ ದನದ ಹಂಗಿಲ್ಲ. ಒಮ್ಮೆ ಪೊದೆ ಕಟ್ಟಿತೆಂದರೆ ಕೆಳಗೆ ಬೆಳಕು ಬೀಳುವುದಿಲ್ಲ, ಹುಲ್ಲು ಏಳುವುದಿಲ್ಲ. ಆಗ ದನಕ್ಕೆ ಮಾತ್ರವಲ್ಲ, ಜಿಂಕೆ, ಕಡವೆ, ಕಾಟಿಗಳಿಗೂ ಮೇವಿಲ್ಲ. ಕಾಡಿನಲ್ಲಿ ಹುಲ್ಲು ಸಿಗದ ಪ್ರಾಣಿ ನಮ್ಮ ರಾಗಿ ಹೊಲಕ್ಕೆ ಬರದೆ ಇನ್ನೆಲ್ಲಿಗೆ ಹೋದೀತು? ಜಿಂಕೆ ಕಡಮೆಯಾದ ಕಡೆ ಹುಲಿಯ ಕಣ್ಣು ಕೊಟ್ಟಿಗೆಯ ಮೇಲೆ ಬೀಳುತ್ತದೆ. ಲಂಟಾನ ಕಾಡಿನ ಕಳೆ ಎಂದು ಕಡೆಗಣಿಸುವ ರೈತ ಈ ಲೆಕ್ಕವನ್ನು ಮರೆಯಬಾರದು.

ಹಿಂದೆ ಸೋಲಿಗರು ಚಳಿಗಾಲ ಮುಗಿಯುವ ಹೊತ್ತಿಗೆ, ಎಲೆ ಪೂರ್ತಿ ಒಣಗುವ ಮುಂಚೆ, ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದರು. ಲಂಟಾನದ ಎಳೆ ಸಸಿಗಳು ಅದರಲ್ಲೇ ಸಾಯುತ್ತಿದ್ದವು ಎಂಬುದು ಅವರ ಹಿರಿಯರ ಮಾತು. ಆ ಬೆಂಕಿ ನಿಂತು, ಪೊದೆ ಬೆಳೆದು ಒಣಗಿ ನಿಂತ ಮೇಲೆ ಬೀಳುವ ಬೆಂಕಿ ಸಣ್ಣದಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಎಷ್ಟು ಕಾಡನ್ನು ಸುಟ್ಟಿತೆಂಬುದನ್ನು ನಾಡೇ ನೋಡಿದೆ. ಲಂಟಾನ ಬಲಿತಿರುವ ಇಂದಿನ ಕಾಡಿಗೆ ಯಾರೂ ತಾವಾಗಿ ಕಡ್ಡಿ ಗೀರುವಂತಿಲ್ಲ. ಆದರೆ ಕಾಡನ್ನು ಬಲ್ಲವರನ್ನು ದೂರವಿಟ್ಟು ಕಾಡು ಉಳಿಸುವುದು ಕಷ್ಟವೆಂಬ ಪಾಠ ಇದರಲ್ಲಿದೆ.

ಎಷ್ಟು, ಎಲ್ಲಿ, ಯಾವಾಗ?

ಆದ್ದರಿಂದ ಪ್ರಶ್ನೆ ದನ ಬೇಕೇ ಬೇಡವೇ ಎಂಬುದಲ್ಲ. ಎಷ್ಟು ರಾಸು, ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ ಎಂಬುದು ಪ್ರಶ್ನೆ. ಹುಲ್ಲು ಕೂಡ ಮಿತವಾಗಿ ಮೇದರೆ ಮತ್ತೆ ಒಡೆಯುತ್ತದೆ. ಮೇದ ಕಡೆ ಬೇಸಿಗೆಗೆ ಒಣಹುಲ್ಲು ಕಡಮೆ ಉಳಿದು ಬೆಂಕಿಯ ಭಯವೂ ತಗ್ಗುತ್ತದೆ. ಮಿತಿ ಮೀರಿದರೆ ಬೇರೇ ಸಾಯುತ್ತದೆ. ಈ ಮಿತಿಯನ್ನು ದೂರದ ಕಚೇರಿಯಲ್ಲಿ ಕುಳಿತು ಗೊತ್ತುಮಾಡಲಾಗದು.

2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು ಸಮುದಾಯದ ಹಕ್ಕುಗಳಲ್ಲಿ ಸೇರಿಸಿದೆ. 2011ರಲ್ಲಿ ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತಿವೆ. ಆದರೆ ಅದೇ ಕಾಯ್ದೆಯ 5ನೇ ಕಲಮು ಹಕ್ಕುದಾರರ ಮೇಲೆ ಮತ್ತು ಗ್ರಾಮಸಭೆಯ ಮೇಲೆ ಕಾಡನ್ನೂ ವನ್ಯಜೀವಿಗಳನ್ನೂ ಕಾಯುವ ಹೊಣೆ ಹೊರಿಸಿದೆ. ಹಕ್ಕು ಕೇಳುವಾಗ ಗಟ್ಟಿ ದನಿ, ಹೊಣೆ ಬಂದಾಗ ಮೌನ ಎಂದಾಗಬಾರದು. ಗ್ರಾಮಸಭೆ ತಾನೇ ಮುಂದೆ ಬಂದು ಕೆಲವು ಕಟ್ಟುಪಾಡು ಮಾಡಿಕೊಂಡರೆ ನಿಷೇಧದ ಮಾತಿಗೆ ಅದೇ ತಕ್ಕ ಉತ್ತರ.

ಮೊದಲನೆಯದು, ಮೇಯುವ ಜಾಗವನ್ನು ಮೂರು ಪಾಲು ಮಾಡಿ, ಸರದಿಯಂತೆ ಒಂದು ಪಾಲಿಗೆ ಬಿಡುವು ಕೊಡಬೇಕು. ಮೊದಲ ಮಳೆಗೆ ಹುಲ್ಲು ಚಿಗುರಿದಾಗಿನಿಂದ ಬೀಜ ಕಟ್ಟಿ ಉದುರಿಸುವವರೆಗೆ ಆ ಪಾಲಿಗೆ ರಾಸು ಹೋಗಕೂಡದು.

ಎರಡನೆಯದು, ಬರಡು ರಾಸುಗಳನ್ನೂ ಗೊಬ್ಬರಕ್ಕಷ್ಟೇ ಸಾಕುವ ಹಿಂಡುಗಳನ್ನೂ, ಬೇರೆಯವರ ದನವನ್ನು ಹಣಕ್ಕೆ ಕಾಡಿನಲ್ಲಿ ಮೇಯಿಸುವುದನ್ನೂ ತಡೆಯಬೇಕು. ಮನೆಗಿಷ್ಟು ರಾಸು ಎಂಬ ಮಿತಿ ಊರೇ ಹಾಕಿಕೊಳ್ಳಬೇಕು. ಕಾಡಿಗೆ ಹೋಗುವ ಪ್ರತಿ ರಾಸಿಗೂ ಕಾಲುಬಾಯಿ ಜ್ವರದ ಚುಚ್ಚುಮದ್ದು ಆಗಿರಬೇಕು.

ಮೂರನೆಯದು, ಬಳ್ಳಾರಿ ಜಾಲಿಯ ಕಾಯಿ ಬಲಿತ ತಿಂಗಳುಗಳಲ್ಲಿ ಅಲ್ಲಿ ಮೇದ ಕುರಿ ದನಗಳನ್ನು ನೇರವಾಗಿ ಕಾಡಿಗೂ ಹುಲ್ಲುಗಾವಲಿಗೂ ಹೊಡೆಯಬಾರದು. ಕೆಲವು ದಿನ ದೊಡ್ಡಿಯಲ್ಲೇ ಕಟ್ಟಬೇಕು. ಕಾಯಿಯನ್ನು ಬೀಜ ಸಹಿತ ನುಣ್ಣಗೆ ಬೀಸಿ ಇತರ ಮೇವಿನೊಡನೆ ಮಿತವಾಗಿ ಕೊಟ್ಟರೆ ಬೀಜವೂ ಸಾಯುತ್ತದೆ, ಮೇವೂ ಆಗುತ್ತದೆ.

ನಾಲ್ಕನೆಯದು, ಲಂಟಾನವನ್ನು ನೆಲಮಟ್ಟಕ್ಕೆ ಕಡಿಯುವುದು ದಂಡ. ಬುಡದಿಂದ ಹತ್ತಾಗಿ ಒಡೆಯುತ್ತದೆ. ಮಣ್ಣಿನೊಳಗೆ ಕೆಲವು ಅಂಗುಲ ಕೆಳಗೆ, ಕಾಂಡ ಬೇರಾಗುವ ಗಂಟಿನಿಂದ ಕೆಳಕ್ಕೆ ತಾಯಿಬೇರನ್ನು ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು. ಮಣ್ಣು ಹಸಿಯಿರುವಾಗ, ಹಣ್ಣಾಗುವ ಮುಂಚೆ ಈ ಕೆಲಸ ಸುಲಭ. ತೆರವಾದ ಜಾಗದಲ್ಲಿ ನಾಟಿ ಹುಲ್ಲಿನ ಬೀಜ ಚೆಲ್ಲಿ, ಹುಲ್ಲು ನೆಲ ಹಿಡಿಯುವವರೆಗೆ ದನವನ್ನು ದೂರವಿಡಬೇಕು. ನಂತರದ ಎರಡು ಮೂರು ವರ್ಷವೂ ಸಸಿ ಕೀಳುವ ಕೆಲಸವಿದೆ.

ಸರ್ಕಾರವೂ ತನ್ನ ಪಾಲು ಮಾಡಬೇಕು. ಲಂಟಾನ ಕೀಳುವ ಕೂಲಿಯನ್ನು ಕಾಡಂಚಿನ ಜನರಿಗೇ ಕೊಡಲಿ. ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿತಿದ್ದಾರೆ. ಅದಕ್ಕೆ ಮಾರುಕಟ್ಟೆ ಒದಗಿಸಲಿ. ಹುಲಿ ದನ ಹೊಡೆದರೆ ಪರಿಹಾರ ತಡವಿಲ್ಲದೆ ಕೈಸೇರಲಿ. ಪರಿಹಾರಕ್ಕಾಗಿ ತಿಂಗಳುಗಟ್ಟಲೆ ಅಲೆದವನ ಸಿಟ್ಟು ಎಲ್ಲಿ ಹೋಗಿ ಮುಟ್ಟೀತೆಂದು ಹೇಳಲಾಗದು. ಗೋಮಾಳಗಳ ಒತ್ತುವರಿ ತೆರವಾಗಲಿ. ಊರಿನ ಗೋಮಾಳ ನುಂಗಿದ ಮೇಲೆ ದನ ಕಾಡಿಗೆ ಹೋಗಬೇಡವೆಂದರೆ ಅದು ಹೋಗುವುದಾದರೂ ಎಲ್ಲಿಗೆ?

ದನ ಕಾಡಿನ ಶತ್ರುವೂ ಅಲ್ಲ, ವೈದ್ಯನೂ ಅಲ್ಲ. ಅದರ ಹಗ್ಗ ನಮ್ಮ ಕೈಯಲ್ಲಿದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ವಿಷಯದ ಜೊತೆಗೆ ಇದನ್ನೂ ಚರ್ಚೆಗೆ ತನ್ನಿರಿ. ಊರಿನಲ್ಲಿ ಎಷ್ಟು ರಾಸುಗಳಿವೆ, ಎಷ್ಟು ಮೇವಿದೆ ಎಂದು ಮೊದಲು ಎಣಿಸಿರಿ. ನಾವು ಲೆಕ್ಕ ಇಡದಿದ್ದರೆ ಬೇರೆಯವರು ಬಂದು ಲೆಕ್ಕ ಹಾಕುತ್ತಾರೆ. ಆಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.